ಹದಿನೈದು ವರ್ಷ ತುಂಬುತ್ತಿರುವ ಡೀಸೆಲ್ ಕಾರು, ಪುಣೆ ಪಾಸಿಂಗ್: ಹೊಗೆ ಟೆಸ್ಟ್‌ನಲ್ಲೇ ಫೇಲ್

ಕೋಥ್ರೂಡ್ ಕಡೆಯವ:
ಗಾಡಿ ಸ್ವಿಫ್ಟ್ ಡಿಡಿಐಎಸ್, 2011, ಎಂಎಚ್-12, ಬಿಎಸ್ 4 (ಹೊಗೆ ಮಾನದಂಡ), 1,48,000 ಕಿ.ಮೀ. ಆರ್‌ಸಿ (ನೋಂದಣಿ ಪತ್ರ) ಮುಗಿಯೋಕೆ ಇನ್ನು 50 ದಿನ ಇದೆ. ಪಾಸಿಂಗ್‌ಗೆ (ಆರ್‌ಟಿಒ ತಪಾಸಣೆಗೆ) ಮೊದಲು ಪಿಯುಸಿಗೆ (ಹೊಗೆ ತಪಾಸಣೆಗೆ) ನಿಲ್ಲಿಸಿದರೆ ಹೊಗೆಯ ದಟ್ಟಣೆ 3.1 ತೋರಿಸಿತು, ಮಿತಿ 1.62. ಐಡಲ್‌ನಲ್ಲಿ ಹೊಗೆ ಇಲ್ಲ, ರೇಸ್ ಕೊಟ್ಟಾಗ ಮಾತ್ರ ಕಪ್ಪಗೆ ಬರುತ್ತೆ. ಗ್ಯಾರೇಜಿನವರು ನಾಲ್ಕೂ ಇಂಜೆಕ್ಟರ್ (ಡೀಸೆಲ್ ಸಿಡಿಸೋ ನಾಝಲ್) ಬದಲಿಸಿ ಅಂತಾರೆ. ಅದೇ ಸರಿನಾ, ಬೇರೆ ಎಲ್ಲಿಂದಾದ್ರೂ ಶುರು ಮಾಡಬೇಕಾ? ಕಾಗದ ಏನೇನು ಬೇಕು? ಮತ್ತೆ, 10 ವರ್ಷ ದಾಟಿದ ಡೀಸೆಲ್ ಗಾಡಿ ಪುಣೆಯಲ್ಲೂ ಬಂದ್ ಅಂತ ವಾಟ್ಸಾಪ್‌ನಲ್ಲಿ ಓಡಾಡ್ತಿದೆ, ನಿಜಾನಾ?

ಅರ್ಜಿ ನಮೂನೆ:
ವಾಟ್ಸಾಪ್ ಸುದ್ದಿ ಬದಿಗಿಡಿ. 10 ವರ್ಷದ ಡೀಸೆಲ್, 15 ವರ್ಷದ ಪೆಟ್ರೋಲ್ ಅನ್ನೋ ಗಡುವು ದಿಲ್ಲಿ ಮತ್ತು ಅದರ ಸುತ್ತಲಿನ ರಾಜಧಾನಿ ಪ್ರದೇಶದ್ದು. 2015ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿದ್ದನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಮಹಾರಾಷ್ಟ್ರದ ಗಾಡಿಗೂ ಅದಕ್ಕೂ ಸಂಬಂಧ ಇಲ್ಲ. ಇಲ್ಲಿ ಬಿಳಿ ಬೋರ್ಡಿನ ಕಾರಿಗೆ ಆರ್‌ಸಿ 15 ವರ್ಷ, ಆಮೇಲೆ ಗಾಡಿ ತೋರಿಸಿ ಐದೈದು ವರ್ಷ ಮುಂದುವರಿಸಬಹುದು.

ಅವಧಿ ಮುಗಿಯುವ 60 ದಿನ ಮೊದಲಿನಿಂದ ಅರ್ಜಿ ಹಾಕಬಹುದು, ಅಂದರೆ ನಿಮ್ಮ ಕಿಟಕಿ ಈಗಾಗಲೇ ತೆರೆದಿದೆ. ಸರ್ಕಾರದ ಪರಿವಾಹನ್ ತಾಣದಲ್ಲಿ ಆರ್‌ಸಿ ನವೀಕರಣ ಆರಿಸಿ, ನಮೂನೆ 25 ತುಂಬಿ, ಶುಲ್ಕ ಕಟ್ಟಿ, ಸ್ಲಾಟ್ ತಗೊಳ್ಳಿ. ಕಾರಿನ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 5,000 ರೂ. ಗಾಡಿಗೆ 20 ವರ್ಷ ದಾಟಿದ್ದರೆ 10,000, ಅದು 2025ರ ಆಗಸ್ಟ್‌ನಲ್ಲಿ ಬಂದದ್ದು. ಪರಿಸರ ತೆರಿಗೆ ಇದರ ಮೇಲೆ ಬೇರೆ. ತಡ ಮಾಡಿದರೆ ಕಾರಿಗೆ ತಿಂಗಳಿಗೆ 500 ರೂ. ಏರುತ್ತಾ ಹೋಗುತ್ತೆ. ದುಡ್ಡಿಗಿಂತ ದೊಡ್ಡ ತಲೆನೋವು ಇನ್ಶೂರೆನ್ಸ್‌ದು: ಆರ್‌ಸಿ ಸತ್ತ ಗಾಡಿ ಗುದ್ದಿಕೊಂಡರೆ ಕ್ಲೇಮ್ ತಳ್ಳಿಹಾಕೋಕೆ ಕಂಪನಿಗೆ ನೀವೇ ಕಾರಣ ಕೊಟ್ಟ ಹಾಗೆ.

ಕೈಯಲ್ಲಿ ಇರಬೇಕಾದ್ದು ಮೂಲ ಆರ್‌ಸಿ, ಚಾಲ್ತಿ ಇರುವ ಇನ್ಶೂರೆನ್ಸ್, ಚಾಲ್ತಿ ಇರುವ ಪಿಯುಸಿ, ಪ್ಯಾನ್, ವಿಳಾಸದ ಪುರಾವೆ, ಚಾಸಿ ನಂಬರ್ ಮತ್ತು ಇಂಜಿನ್ ನಂಬರಿನ ಪೆನ್ಸಿಲ್ ಪ್ರಿಂಟು. ಬಾಕಿ ಇ-ಚಲನ್ ಇದ್ದರೆ ಮೊದಲೇ ತೀರಿಸಿ. ಸಾಲ ಎಂದೋ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಕೂತಿರುತ್ತೆ, ಅದನ್ನು ಬ್ಯಾಂಕಿನ ಎನ್‌ಒಸಿ ಮತ್ತು ನಮೂನೆ 35 ಕೊಟ್ಟು ತೆಗೆಸಬೇಕು. 2019ರ ಏಪ್ರಿಲ್ 1ಕ್ಕಿಂತ ಮೊದಲಿನ ಗಾಡಿ ಆದ್ದರಿಂದ ಎಚ್‌ಎಸ್‌ಆರ್‌ಪಿ (ಹೆಚ್ಚು ಭದ್ರತೆಯ) ನಂಬರ್ ಪ್ಲೇಟ್ ಕಡ್ಡಾಯ. ಅದಿಲ್ಲದೆ ಆರ್‌ಟಿಒ ಟೆಸ್ಟ್ ಟ್ರ್ಯಾಕಿಗೆ ಹೋಗಿ ನಿಂತರೆ ಒಂದು ದಿನ ಹಾಳು.

ನಾಝಲ್ ಮೇಸ್ತ್ರಿ:
ನಾಲ್ಕು ಇಂಜೆಕ್ಟರ್ ಅಂದವರು ಬಾನೆಟ್ ಎತ್ತಿ ನೋಡಿದ್ರಾ, ಇಲ್ಲ ಹೊಗೆ ಬಣ್ಣ ನೋಡಿಯೇ ಹೇಳಿದ್ರಾ? ಕಪ್ಪು ಹೊಗೆ ಅಂದರೆ ಡೀಸೆಲ್ ಪೂರ್ತಿ ಉರಿದಿಲ್ಲ. ಅದಕ್ಕೆ ಡೀಸೆಲ್ ಹೆಚ್ಚಾಗಿರಬೇಕು, ಇಲ್ಲ ಗಾಳಿ ಕಡಿಮೆ ಆಗಿರಬೇಕು. ಹಳೆ ಟರ್ಬೊ ಗಾಡಿಯಲ್ಲಿ, ಅಂದರೆ ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಗಾಡಿಯಲ್ಲಿ, ಹತ್ತಕ್ಕೆ ಆರೇಳು ಸಲ ಗಾಳಿಯದ್ದೇ ತಕರಾರು. ಗಾಳಿ ಕಡೆಯ ಕೆಲಸ ಸಾವಿರದ ಲೆಕ್ಕದಲ್ಲಿ ಮುಗಿಯುತ್ತದೆ, ಇಂಜೆಕ್ಟರ್ ಹತ್ತಾರು ಸಾವಿರ ತಿನ್ನುತ್ತದೆ. ಹಾಗಾಗಿ ಗಾಳಿ ಕಡೆಯಿಂದಲೇ ಶುರು.

ಏರ್ ಫಿಲ್ಟರ್ ಹೊಸದು ಹಾಕಿ. ಹಾಕುವಾಗ ಡಬ್ಬಿಯ ಮೂತಿಗೂ ಕೈ ಹಾಕಿ ನೋಡಿ. ಮರದಡಿ ನಿಲ್ಲುವ ಗಾಡಿಗಳಲ್ಲಿ ಒಣ ಎಲೆ ಅಲ್ಲೇ ಗೂಡು ಕಟ್ಟಿರುತ್ತದೆ, ಫಿಲ್ಟರ್ ಬದಲಿಸಿದವರು ಅದನ್ನು ನೋಡಿರುವುದಿಲ್ಲ.

ಆಮೇಲೆ ಟರ್ಬೊದಿಂದ ಇಂಟೇಕ್‌ಗೆ ಹೋಗುವ ರಬ್ಬರ್ ಪೈಪು. ಆ ಗಾಳಿಯನ್ನು ತಣ್ಣಗೆ ಮಾಡುವ ಇಂಟರ್‌ಕೂಲರ್ ಇರುವ ಗಾಡಿಯಾದರೆ ಅದರ ಎರಡೂ ತುದಿ. ಮೇಲಿನಿಂದ ನೋಡಿದರೆ ಪೈಪು ಚೆನ್ನಾಗಿಯೇ ಕಾಣುತ್ತದೆ. ಅಡಿಭಾಗದಲ್ಲಿ, ಕ್ಲಾಂಪಿನ ಪಕ್ಕದಲ್ಲಿ ಎಣ್ಣೆ ಜಿಡ್ಡಿನ ಗೆರೆ ಇದ್ದರೆ ಅಲ್ಲಿ ಬೆರಳಿಟ್ಟು ಹಿಂಡಿ. ಹಿಂಡಿದಾಗ ಮಾತ್ರ ಬಾಯಿ ಬಿಡುವ ಸೀಳು ಅಲ್ಲಿರುತ್ತದೆ. ಐಡಲ್‌ನಲ್ಲಿ ಅದು ಮುಚ್ಚಿಕೊಂಡಿರುತ್ತದೆ. ರೇಸ್ ಕೊಟ್ಟು ಟರ್ಬೊ ಒತ್ತಡ ಏರಿದ ಕೂಡಲೇ ತೆರೆದು ಗಾಳಿ ಹೊರಗೆ ಹೋಗುತ್ತದೆ. ಇಸಿಯು (ಇಂಜಿನ್ನಿನ ಕಂಪ್ಯೂಟರ್) ಮಾತ್ರ ಅಷ್ಟೂ ಗಾಳಿ ಒಳಗೆ ಹೋಯಿತೆಂದು ತಿಳಿದು ಡೀಸೆಲ್ ಹಾಕುತ್ತದೆ. ನಿಮ್ಮ ಲಕ್ಷಣ, ಅಂದರೆ ಐಡಲ್‌ನಲ್ಲಿ ಇಲ್ಲ, ರೇಸ್‌ನಲ್ಲಿ ಕಪ್ಪು, ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಟೇಪ್ ಸುತ್ತಿ ಹೋಗಬೇಡಿ, ಬಿಸಿಗೂ ಒತ್ತಡಕ್ಕೂ ಟೆಸ್ಟ್ ನಡುವೆಯೇ ಬಿಟ್ಟುಕೊಳ್ಳುತ್ತದೆ. ಪೈಪು ಮತ್ತು ಕ್ಲಾಂಪು ಎರಡೂ ಹೊಸದು ಹಾಕಿ.

ಮೂರನೆಯದು ಗಾಳಿ ಅಳೆಯುವ ಎಂಎಎಫ್ ಸೆನ್ಸರ್. ಎರಡು ಸ್ಕ್ರೂ ಬಿಚ್ಚಿ ಹೊರಗೆ ತೆಗೆದು ಎಂಎಎಫ್ ಕ್ಲೀನರ್ ಸ್ಪ್ರೇ ಮಾತ್ರ ಹೊಡೆಯಿರಿ. ಬಟ್ಟೆ, ಹತ್ತಿ, ಬೆರಳು ಯಾವುದೂ ಅದರ ತಂತಿಗೆ ತಾಗಬಾರದು. ಇಪ್ಪತ್ತು ನಿಮಿಷ ಒಣಗಲು ಬಿಟ್ಟು ಹಾಕಿ. ಪೆಟ್ರೋಲಿನಲ್ಲಿ ಅದ್ದುವವರೂ ಇದ್ದಾರೆ, ಅವರು ಮಾರನೇ ದಿನ ಹೊಸ ಸೆನ್ಸರ್ ಕೊಳ್ಳುತ್ತಾರೆ.

ಇಷ್ಟು ಮಾಡಿ ಮತ್ತೊಮ್ಮೆ ಹೊಗೆ ಅಳೆಸಿ. ಆಮೇಲೆ ಇಜಿಆರ್, ಅಂದರೆ ಸ್ವಲ್ಪ ಹೊಗೆಯನ್ನು ಮತ್ತೆ ಇಂಜಿನ್ನಿಗೇ ಕಳಿಸುವ ವಾಲ್ವು. ಇಂಜೆಕ್ಟರ್ ಕೊನೆಗೆ.

ಹಿಂಜೇವಾಡಿ ಬೈಪಾಸ್:
ಇಜಿಆರ್‌ಗೆ ಒಂದು ತಗಡು ಕೊಟ್ಟು ಮುಚ್ಚಿಬಿಡಿ ಸಾರ್, ಹೊಗೆನೇ ಇರಲ್ಲ. ಹಳೇ ಮಲ್ಟಿಜೆಟ್‌ಗೆ (ಸ್ವಿಫ್ಟ್‌ನ ಡೀಸೆಲ್ ಇಂಜಿನ್‌ಗೆ) ಎಲ್ಲರೂ ಮಾಡೋದು ಅದೇ.

ನಾಝಲ್ ಮೇಸ್ತ್ರಿ:
ಎಲ್ಲರೂ ಮಾಡುತ್ತಾರೆ, ಎಲ್ಲರಿಗೂ ಗುಣ ಕಾಣುವುದಿಲ್ಲ. ಪೂರ್ತಿ ರೇಸ್ ಒತ್ತಿದಾಗ ಇಸಿಯು ತಾನಾಗಿಯೇ ಇಜಿಆರ್ ಮುಚ್ಚುತ್ತದೆ. ಹೊಗೆ ಟೆಸ್ಟ್ ಅಂದರೆ ಪೂರ್ತಿ ರೇಸೇ ತಾನೆ. ಆ ಹೊತ್ತಿಗೆ ಹೇಗೂ ಮುಚ್ಚಿರಬೇಕಾದ ಬಾಗಿಲಿಗೆ ತಗಡು ಬಡಿದು ಏನು ಲಾಭ? ವಾಲ್ವು ಕಾರ್ಬನ್ ಕಚ್ಚಿ ಅರ್ಧ ತೆರೆದೇ ನಿಂತಿದ್ದರೆ ಮಾತ್ರ ತಗಡಿನಿಂದ ವ್ಯತ್ಯಾಸ ಗೊತ್ತಾಗುತ್ತದೆ. ಹಾಗೆ ನಿಂತಿದ್ದರೆ ತೊಳೆಯುವುದೇ ಸರಿಯಾದ ದಾರಿ. ತಗಡು ಹಾಕಿದ ಗಾಡಿಯಲ್ಲಿ ಚೆಕ್ ಇಂಜಿನ್ ದೀಪ ಹತ್ತುವ ಸಂಭವವೂ ಇದೆ, ಹೊಗೆ ನಿಯಂತ್ರಣದ ಭಾಗವನ್ನು ಕೆಡಿಸಿದ್ದು ಕಾನೂನಿನ ಪ್ರಕಾರ ತಪ್ಪು ಕೂಡ.

ತೊಳೆಯುವ ಕ್ರಮ: ಬ್ಯಾಟರಿ ನೆಗೆಟಿವ್ ಬಿಚ್ಚಿ, ಕನೆಕ್ಟರ್ ತೆಗೆದು, ಬೋಲ್ಟ್ ಸಡಿಲಿಸಿ ವಾಲ್ವ್ ಹೊರಗೆ ತೆಗೆಯಿರಿ. ಹೊಗೆ ಓಡಾಡುವ ಲೋಹದ ಭಾಗಕ್ಕೆ ಕಾರ್ಬೊರೇಟರ್ ಕ್ಲೀನರ್ ಹೊಡೆದು ಅರ್ಧ ಗಂಟೆ ನೆನೆಸಿ, ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ. ಮೋಟರ್ ಇರುವ ತಲೆ ಕೆಳಗಾಗದ ಹಾಗೆ ಹಿಡಿಯಿರಿ, ಕ್ಲೀನರ್ ಅದರೊಳಗೆ ಇಳಿದರೆ ವಾಲ್ವೇ ಹೋದಂತೆ. ಇಂಟೇಕ್ ಬಾಯಿಯಲ್ಲಿ ಡಾಂಬರಿನಂತೆ ಮೆತ್ತಿಕೊಂಡದ್ದನ್ನು ಒಳಕ್ಕೆ ಕೆರೆದು ಹಾಕಬೇಡಿ, ಬಟ್ಟೆ ತುರುಕಿಟ್ಟು ಹೊರಕ್ಕೆ ಎಳೆಯಿರಿ. ಕೊನೆಗೆ ಬಟ್ಟೆ ತೆಗೆಯುವುದನ್ನು ಮರೆಯಬೇಡಿ, ನಗಬೇಡಿ, ಇದು ನಡೆಯುವ ಸಂಗತಿ. ಜೋಡಿಸುವಾಗ ಗ್ಯಾಸ್ಕೆಟ್ ಹೊಸದೇ ಆಗಬೇಕು.

ಕುಂದಾನಗರಿ:
ನಂದೂ ಒಂದ ಇದರಾಗ ಸೇರಸ್ತೀನ್ರಿ. ಇಂಡಿಕಾ ವಿ2, ಕೆಎ-22, ಬಿಎಸ್ 3, ಹಳೆ ಮೆಕ್ಯಾನಿಕಲ್ ಪಂಪಿನ ಗಾಡಿ. ಎರಡ ವರ್ಷದಿಂದ ಪಿಂಪ್ರಿಯೊಳಗ ಐತಿ. ಆರ್‌ಸಿ ಮುಗೀಲಿಕ್ಕೆ ಇನ್ನ ಐದ ತಿಂಗಳ. ಮುಂಜಾನೆ ಸ್ಟಾರ್ಟ್ ಮಾಡಿದ್ರ ಬಿಳಿ ಹೊಗಿ ಬರ್ತೈತಿ, ಐದ ನಿಮಿಷಕ್ಕ ಹೋಗತೈತಿ. ಪಾಸಿಂಗ್ ಇಲ್ಲೇ ಮಾಡಸಬೇಕೋ, ಬೆಳಗಾವಿಗೇ ಒಯ್ಯಬೇಕೋ? ಮತ್ತ ನನಗೂ 1.62ರ ಮಿತಿನ ಏನ್ರಿ?

ಅರ್ಜಿ ನಮೂನೆ:
ಮಿತಿ ನಿಮಗೆ ಬೇರೆ. ಬಿಎಸ್ 4ಕ್ಕಿಂತ ಹಿಂದಿನ ಡೀಸೆಲ್ ಗಾಡಿಗೆ 2.45, ಬಿಎಸ್ 4ಕ್ಕೆ 1.62, ಬಿಎಸ್ 6ಕ್ಕೆ 0.7. ಕೆಲವು ಯಂತ್ರ ಎಚ್‌ಎಸ್‌ಯು (ಹಾರ್ಟ್ರಿಡ್ಜ್ ಸ್ಮೋಕ್ ಯೂನಿಟ್) ಅನ್ನೋ ಬೇರೆ ಲೆಕ್ಕದಲ್ಲಿ ತೋರಿಸುತ್ತೆ. ಅದರಲ್ಲಿ 65 ಅಂದರೆ 2.45, 50 ಅಂದರೆ 1.62.

ಇಲ್ಲೊಂದು ತೊಡಕು ಇದೆ, 2010ರಿಂದ 2017ರ ನಡುವಿನ ಗಾಡಿ ಇರೋರೆಲ್ಲ ಗಮನಿಸಿ. ಬಿಎಸ್ 4 ದೇಶಕ್ಕೆಲ್ಲ ಬಂದದ್ದು 2017ರ ಏಪ್ರಿಲ್‌ನಲ್ಲಿ. ಅದಕ್ಕೆ ಏಳು ವರ್ಷ ಮೊದಲೇ, 2010ರ ಏಪ್ರಿಲ್‌ನಲ್ಲಿ, ಪುಣೆ, ಮುಂಬೈ, ಸೊಲ್ಲಾಪುರ, ಬೆಂಗಳೂರು ಸೇರಿ ಕೆಲವೇ ನಗರಗಳಿಗೆ ಬಂದಿತ್ತು. ಹಾಗಾಗಿ ಒಂದೇ ವರ್ಷದ ಒಂದೇ ಮಾಡೆಲ್ಲು ಪುಣೆಯಲ್ಲಿ ನೋಂದಣಿ ಆಗಿದ್ದರೆ ಬಿಎಸ್ 4, ಬೆಳಗಾವಿಯಲ್ಲಿ ಆಗಿದ್ದರೆ ಬಿಎಸ್ 3 ಇರಬಹುದು. ವರ್ಷ ನೋಡಿ ಪಿಯುಸಿಯವನು ಅಂದಾಜು ಮಾಡೋಕೆ ಬಿಡಬೇಡಿ. ಆರ್‌ಸಿಯಲ್ಲಿ ಮತ್ತು ವಾಹನ್ ದಾಖಲೆಯಲ್ಲಿ ಏನಿದೆ ನೋಡಿಕೊಂಡು ಹೋಗಿ. ಪಿಯುಸಿ ಅವಧಿಯೂ ಬೇರೆ: ಬಿಎಸ್ 4, 6ಕ್ಕೆ ಒಂದು ವರ್ಷ, ಅದಕ್ಕಿಂತ ಹಳೆಯದಕ್ಕೆ ಆರೇ ತಿಂಗಳು. ಪಿಯುಸಿ ಇಲ್ಲದೆ ಸಿಕ್ಕರೆ ದಂಡ 10,000ದವರೆಗೂ ಹೋಗಬಹುದು.

ಇನ್ನು ಕೆಎ ನಂಬರ್. ಬೇರೆ ರಾಜ್ಯದ ಗಾಡಿ 12 ತಿಂಗಳಿಗಿಂತ ಹೆಚ್ಚು ಇಲ್ಲಿದ್ದರೆ ಇಲ್ಲಿನ ನಂಬರ್ ಮಾಡಿಸಲೇಬೇಕು. ನಿಮ್ಮದು ಆಗಲೇ ದಾಟಿದೆ. ಬೆಳಗಾವಿ ಆರ್‌ಟಿಒದಿಂದ ನಮೂನೆ 28ರಲ್ಲಿ ಎನ್‌ಒಸಿ, ಆಮೇಲೆ ಇಲ್ಲಿ ನಮೂನೆ 27, ಮಹಾರಾಷ್ಟ್ರದ ತೆರಿಗೆ, ಗಾಡಿ ಪರಿಶೀಲನೆ. ಎನ್‌ಒಸಿ ಕೆಲಸ ಆರ್‌ಸಿ ಜೀವಂತ ಇರುವಾಗಲೇ ಆಗಲಿ, ಅವಧಿ ಮುಗಿದ ಮೇಲೆ ಕೇಳಿದರೆ ಮೊದಲು ಅಲ್ಲಿ ನವೀಕರಿಸಿ ಬನ್ನಿ ಅನ್ನೋ ಮಾತು ಬರುತ್ತೆ. ಆಮೇಲೆ ಎನ್‌ಎಚ್ 48ರಲ್ಲಿ 340 ಕಿ.ಮೀ. ಹೋಗೋದು, ಅಷ್ಟೇ ಬರೋದು. 15 ವರ್ಷದ ಇಂಡಿಕಾಗೆ ಇಲ್ಲಿನ ತೆರಿಗೆ ಕಟ್ಟೋದು ಲಾಭವೋ, ಊರಿಗೇ ಒಯ್ದು ಅಲ್ಲೇ ಇಟ್ಟುಕೊಳ್ಳೋದು ಲಾಭವೋ, ಎನ್‌ಒಸಿ ತಗೊಳ್ಳೋ ಮೊದಲೇ ಲೆಕ್ಕ ಹಾಕಿ.

ನಾಝಲ್ ಮೇಸ್ತ್ರಿ:
ಕುಂದಾನಗರಿಯವರೇ, ತಣ್ಣಗಿದ್ದಾಗ ಬಂದು ಐದು ನಿಮಿಷಕ್ಕೆ ಹೋಗುವ ಬಿಳಿ ಹೊಗೆ ಉರಿಯದ ಡೀಸೆಲಿನದ್ದು. ಟೆಸ್ಟ್ ನಡೆಯುವುದು ಬಿಸಿ ಇಂಜಿನ್ನಿಗೆ, ಅಲ್ಲಿ ಅದು ಲೆಕ್ಕಕ್ಕೆ ಬರುವುದಿಲ್ಲ. ಆದರೂ ತಣ್ಣನೆ ಇಂಜಿನ್ ಬಿಸಿ ಮಾಡುವ ಹೀಟರ್ ಪ್ಲಗ್ ನೋಡಿಬಿಡಿ. ನಾಲ್ಕೂ ಪ್ಲಗ್ಗನ್ನು ಸೇರಿಸುವ ಪಟ್ಟಿ ಮೊದಲು ಬಿಚ್ಚಬೇಕು. ಬಿಚ್ಚದೆ ನೋಡಿದರೆ ಸತ್ತ ಪ್ಲಗ್ಗೂ ಪಕ್ಕದ್ದರ ಪುಣ್ಯದಲ್ಲಿ ಪಾಸಾಗುತ್ತದೆ. ಆಮೇಲೆ ಬ್ಯಾಟರಿ ಪಾಸಿಟಿವ್‌ನಿಂದ 12 ವೋಲ್ಟಿನ ಇಂಡಿಕೇಟರ್ ಬಲ್ಬ್ ಮೂಲಕ ಒಂದೊಂದು ಪ್ಲಗ್ಗಿನ ತುದಿಗೆ ವೈರು ಮುಟ್ಟಿಸಿ. ಬಲ್ಬು ಹತ್ತಿದರೆ ಪ್ಲಗ್ ಬದುಕಿದೆ.

ಬಿಸಿಯಾದ ಮೇಲೂ ಬಿಳಿ ಉಳಿದರೆ ಪಂಪ್ ಟೈಮಿಂಗ್ ಹಿಂದೆ ಬಿದ್ದಿರಬಹುದು, ಇಲ್ಲ ಕಂಪ್ರೆಶನ್ (ಸಿಲಿಂಡರಿನ ಒಳ ಒತ್ತಡ) ಇಳಿದಿರಬಹುದು. ಕೂಲಂಟ್ ಕಡಿಮೆಯಾಗುತ್ತಾ ಹೊಗೆಗೆ ಸಿಹಿ ವಾಸನೆ ಇದ್ದರೆ ಹೆಡ್ ಗ್ಯಾಸ್ಕೆಟ್. ನೀಲಿ ಹೊಗೆಯಾದರೆ ಇಂಜಿನ್ ಆಯಿಲ್ ಉರಿಯುತ್ತಿದೆ.

ಹಳೆ ಪಂಪಿನ ಗಾಡಿಗೆ ಒಂದು ಎಚ್ಚರ. ಪಿಕಪ್ ಬರಲಿ ಅಂತ ಯಾರೋ ಹಿಂದೆ ಪಂಪಿನ ಫ್ಯೂಯಲ್ ಸ್ಕ್ರೂ ತಿರುಗಿಸಿರುತ್ತಾರೆ. ಸ್ಕ್ರೂ ಮೇಲಿನ ಸೀಲು ಒಡೆದಿದ್ದರೆ ಅರ್ಥ ಅದೇ. ಕಣ್ಣಂದಾಜಿನಲ್ಲಿ ವಾಪಸ್ ತಿರುಗಿಸಿದರೆ ಹೊಗೆ ಇಳಿಯುತ್ತದೆ, ಗಾಡಿ ಘಾಟಿಯಲ್ಲಿ ಸಾಯುತ್ತದೆ. ಪಂಪ್-ನಾಝಲ್ ಕೆಲಸದ ಅಂಗಡಿಗೆ ಕೊಟ್ಟು ಟೆಸ್ಟ್ ಬೆಂಚಿನ ಮೇಲೆ ಅಳತೆ ಹಿಡಿಸಿ. ನಾಝಲ್ಲನ್ನು ಕೈಪಂಪಿನ ಟೆಸ್ಟರಿಗೆ ಹಾಕಿಸಿ ಪಕ್ಕದಲ್ಲೇ ನಿಂತು ನೋಡಿ: ತೆರೆಯುವ ಒತ್ತಡಕ್ಕಿಂತ 20 ಬಾರ್ ಕೆಳಗೆ 10 ಸೆಕೆಂಡು ಹಿಡಿದರೆ ತುದಿ ಒಣಗಿಯೇ ಇರಬೇಕು, ಹನಿ ಕಟ್ಟಬಾರದು. ಸಿಡಿದಾಗ ಮಂಜಿನ ಹಾಗೆ ಬರಬೇಕು. ದಾರದಂತೆ ಒಂದೇ ಎಳೆ ಬಂದರೆ ಆ ನಾಝಲ್ ಮುಗಿಯಿತು. ವಾಪಸ್ ಕೂರಿಸುವಾಗ ಕೆಳಗಿನ ವಾಷರುಗಳು ಹೊಸವು.

ಹಳದಿ ಬೋರ್ಡ್ ಮುಂಬೈ:
ಟೂರಿಸ್ಟ್ ಗಾಡಿ ಇರೋರಿಗೂ ಇದೇ ಹೊಗೆ ಲೆಕ್ಕ, ಆದ್ರೆ ಪಾಸಿಂಗ್ ಲೆಕ್ಕ ಬೇರೆ ಮಾರಾಯ್ರೆ. ಗಾಡಿಗೆ 8 ವರ್ಷ ಆಗುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಬಿಳಿ ಬೋರ್ಡಿಗೆ ಕೇಳದ ಕೆಲವು ನಮಗೆ ಕೇಳ್ತಾರೆ: ಗಂಟೆಗೆ 80 ಕಿ.ಮೀ.ಗೆ ಕಟ್ಟಿದ ಸ್ಪೀಡ್ ಗವರ್ನರ್, ಬೆಂಕಿ ಆರಿಸುವ ಸಿಲಿಂಡರ್, ಫಸ್ಟ್ ಏಡ್ ಡಬ್ಬಿ, ಪ್ರತಿಫಲನದ ಟೇಪು, 2019ರ ನಂತರದ ಗಾಡಿಗೆ ಜಿಪಿಎಸ್ ಮತ್ತು ಪ್ಯಾನಿಕ್ ಬಟನ್. ಸಿಲಿಂಡರಿನ ಗಡಿಯಾರದ ಮುಳ್ಳು ಹಸಿರಿನಲ್ಲಿ ಇದೆಯಾ ಅಂತ ನೋಡ್ಕೊಳ್ಳಿ. ಡಿಕ್ಕಿಯಲ್ಲಿ ನಾಲ್ಕು ವರ್ಷ ಮಲಗಿದ ಸಿಲಿಂಡರು ಕೆಂಪಿಗೆ ಬಂದಿರ್ತದೆ, ಅಲ್ಲೇ ವಾಪಸ್ ಕಳಿಸ್ತಾರೆ.

ಇನ್ನೊಂದು. ಮಾರ್ಕೆಟ್ಟಲ್ಲಿ ಸೀಮೆಎಣ್ಣೆ ಬೆರೆಸಿ, ಎರಡು ಲೀಟರ್ ಹಾಕಿ ಹೋಗಿ ಅಂತ ಹೇಳುವವರು ಇದ್ದಾರೆ. ಕಾಮನ್ ರೇಲ್ ಪಂಪಿಗೆ (ಈಗಿನ ಡೀಸೆಲ್ ಗಾಡಿಯ ಹೈ ಪ್ರೆಶರ್ ಪಂಪಿಗೆ) ಡೀಸೆಲಿನ ಜಿಡ್ಡೇ ಗ್ರೀಸು. ಸೀಮೆಎಣ್ಣೆ ಕುಡಿಸಿದ್ರೆ ಪಂಪು ಒಳಗೊಳಗೇ ತೇಯ್ದು ಕಬ್ಬಿಣದ ಪುಡಿ ಇಂಜೆಕ್ಟರಿಗೆ ಹೋಗ್ತದೆ. ಪಾಸಿಂಗ್ ಆದ್ರೂ ಗಾಡಿ ಹೋಯ್ತು.

ಕೋಥ್ರೂಡ್ ಕಡೆಯವ:
ಟೆಸ್ಟ್ ಅಂದರೆ ನಿಜವಾಗಿ ಏನು ಮಾಡ್ತಾರೆ? ನನ್ನ ಗಾಡಿಗೆ ಮೂರು ಸಲ ರೇಸ್ ಕೊಟ್ಟು ನಂಬರ್ ಹೇಳಿದರು. ಬಿಸಿ ಆಗಿತ್ತಾ ಅಂತ ಯಾರೂ ಕೇಳಲಿಲ್ಲ. ಮನೆಯಿಂದ ಒಂದು ಕಿ.ಮೀ. ಇಲ್ಲ.

ನಾಝಲ್ ಮೇಸ್ತ್ರಿ:
ಹಾಗಾದರೆ ನಿಮ್ಮ 3.1ರಲ್ಲಿ ಒಂದು ಪಾಲು ಆ ಒಂದು ಕಿಲೋಮೀಟರಿನದ್ದೇ.

ನಿಯಮದ ಪ್ರಕಾರ ಇಂಜಿನ್ ಆಯಿಲ್ ಕನಿಷ್ಠ 60 ಡಿಗ್ರಿ ಬಿಸಿ ಇರಬೇಕು. ಗೇಜ್ ಕಡ್ಡಿಯ ತೂತಿನಲ್ಲಿ ಪ್ರೋಬ್ ಇಳಿಸಿ ನೋಡುತ್ತಾರೆ, ಇಳಿಸದಿದ್ದರೆ ಇಳಿಸಿ ಅಂತ ನೀವೇ ಹೇಳಿ. ಸೈಲೆನ್ಸರ್ ಬಾಯಿಗೆ ಇನ್ನೊಂದು ಪ್ರೋಬ್. ಮೊದಲು ಕೆಲವು ಸಲ ಸುಮ್ಮನೆ ರೇಸ್ ಕೊಟ್ಟು ಪೈಪಿನಲ್ಲಿ ಕೂತ ಮಸಿ ಹೊರಹಾಕಬೇಕು. ಆಮೇಲೆ ಐಡಲ್‌ನಿಂದ ಪೆಡಲ್ಲನ್ನು ಬೇಗ ಆದರೆ ಒದೆಯದೆ ಪೂರ್ತಿ ಒತ್ತಿ, ಇಂಜಿನ್ನಿನ ಗರಿಷ್ಠ ಆರ್‌ಪಿಎಂ ಮುಟ್ಟಿದ ಮೇಲೆ ಬಿಡಬೇಕು. ಸತತ ನಾಲ್ಕು ಓದು (ರೀಡಿಂಗ್) ಒಂದಕ್ಕೊಂದು ಹತ್ತಿರ ಬಂದರೆ ಅವುಗಳ ಸರಾಸರಿಯೇ ನಿಮ್ಮ ಅಂಕೆ. ಆರ್‌ಪಿಎಂ ಕೂಡ ದಾಖಲಾಗುತ್ತದೆ, ಅರ್ಧ ಪೆಡಲ್ ಒತ್ತಿ ಪಾಸ್ ಮಾಡಿಕೊಡುತ್ತೇನೆ ಅನ್ನುವವರ ಮಾತು ನಡೆಯುವುದಿಲ್ಲ.

ಓದುಗಳನ್ನು ಒಂದೊಂದಾಗಿ ಕೇಳಿ ಬರೆದುಕೊಳ್ಳಿ, ಸರಾಸರಿ ಮಾತ್ರ ಸಾಲದು. ಮೊದಲನೆಯದು ಜೋರಾಗಿದ್ದು ಆಮೇಲೆ ಇಳಿಯುತ್ತಾ ಬಂದರೆ ಅದು ಸೈಲೆನ್ಸರಿನ ಹಳೆ ಮಸಿ, ಒಂದು ಒಳ್ಳೆ ಓಟ ಸಾಕು. ನಾಲ್ಕೂ ಒಂದೇ ಸಮ ಮೇಲಿದ್ದರೆ ಗಾಳಿ ಅಥವಾ ಡೀಸೆಲ್ ಕಡೆಯ ದೋಷ.

ಒಳ್ಳೆ ಓಟ ಅಂದರೆ 15ರಿಂದ 20 ಕಿ.ಮೀ. ನಡುವೆ ಕೆಲವು ನಿಮಿಷ ಮೂರನೇ ಗೇರಿನಲ್ಲಿ 2,500ರಿಂದ 3,000 ಆರ್‌ಪಿಎಂ. ಸಿಟಿ ಒಳಗೆ ಇದು ಆಗುವುದಿಲ್ಲ, ಕಾತ್ರಜ್ ಬೈಪಾಸ್ ಕಡೆ ಬೆಳಿಗ್ಗೆ ಬೇಗ ಹೋಗಿ. ಓಡಿಸಿ ಬಂದು ಸಾಲಿನಲ್ಲಿ 40 ನಿಮಿಷ ಐಡಲ್‌ನಲ್ಲಿ ನಿಂತರೆ ಮತ್ತೆ ಮಸಿ ಕೂರುತ್ತದೆ. ಸಾಲಿನಲ್ಲಿ ನಿಂತಾಗ ಇಂಜಿನ್ ಆಫ್ ಮಾಡಿ, ಸರದಿಗೆ ಮೊದಲು ಶುರು ಮಾಡಿ ಎರಡು ಮೂರು ಸಲ 3,000ಕ್ಕೆ ಏರಿಸಿ.

ಬಿಸಿ ಮುಳ್ಳು ಎಷ್ಟು ಓಡಿಸಿದರೂ ಮಧ್ಯಕ್ಕೆ ಬರುವುದೇ ಇಲ್ಲವೆಂದರೆ ಥರ್ಮೋಸ್ಟಾಟ್ ತೆರೆದೇ ನಿಂತಿದೆ. ಇಂಜಿನ್ ಸದಾ ತಣ್ಣಗೆ, ಹೊಗೆ ಸದಾ ಹೆಚ್ಚು, ಮೈಲೇಜೂ ಕಡಿಮೆ. ಚಿಕ್ಕ ಭಾಗ, ಯಾರೂ ನೋಡುವುದಿಲ್ಲ.

ರೇಸ್ ಟೆಸ್ಟಿಗೆ ಮೊದಲು ಎರಡು ಸಂಗತಿ ಖಚಿತ ಮಾಡಿಕೊಳ್ಳಿ. ಆಯಿಲ್ ಗೇಜಿನ ಮೇಲಿನ ಗೆರೆ ದಾಟಿರಬಾರದು. ನಿಮ್ಮ ಇಂಜಿನ್ನಿಗೆ ಫಿಲ್ಟರ್ ಸೇರಿ ಸುಮಾರು 3 ಲೀಟರೇ ಬೇಕಾದ್ದು, 4 ಲೀಟರ್ ಡಬ್ಬಿ ಪೂರ್ತಿ ಸುರಿದವರನ್ನು ನೋಡಿ ನೋಡಿ ಸಾಕಾಗಿದೆ. ಹೆಚ್ಚಾದ ಆಯಿಲ್ ಇಂಟೇಕಿಗೆ ಹೋಗಿ ನೀಲಿ ಹೊಗೆಯಾಗುತ್ತದೆ. ಮತ್ತೆ, ಟೈಮಿಂಗ್ ಬೆಲ್ಟ್ ಇರುವ ಗಾಡಿ, ಅಂದರೆ ಈ ಇಂಡಿಕಾ ತರದ್ದು, ಬೆಲ್ಟಿನ ವಯಸ್ಸು ತಿಳಿಯದಿದ್ದರೆ ಬದಲಿಸಿಯೇ ಹೋಗಲಿ. ಪೂರ್ತಿ ರೇಸಿನಲ್ಲಿ ಬೆಲ್ಟ್ ಕಡಿದರೆ ವಾಲ್ವ್, ಪಿಸ್ಟನ್ ಎರಡೂ ಮುತ್ತಿಟ್ಟುಕೊಳ್ಳುತ್ತವೆ. ಸ್ವಿಫ್ಟ್‌ನದ್ದು ಚೈನು.

ಕುಂದಾನಗರಿ:
ಲೀಕ್ ಆಫ್ ಟೆಸ್ಟ್ ಅಂತ ಮಾಡ್ತಾರಲ್ರಿ, ನಾಲ್ಕ ಬಾಟ್ಲಿ ಕಟ್ಟಿ? ಸ್ವಿಫ್ಟ್‌ನವ್ರು ಅದನ್ನ ಮಾಡಿಸಿ ನೋಡಿದ್ರ ಇಂಜೆಕ್ಟರ್ ಕಥಿ ಗೊತ್ತಾಗಂಗಿಲ್ಲೇನು?

ನಾಝಲ್ ಮೇಸ್ತ್ರಿ:
ಅರ್ಧ ಗೊತ್ತಾಗುತ್ತದೆ. ನಾಲ್ಕು ಇಂಜೆಕ್ಟರಿನ ವಾಪಸ್ ಪೈಪಿಗೆ ನಾಲ್ಕು ಬಾಟಲಿ ಕಟ್ಟಿ ಎರಡು ಮೂರು ನಿಮಿಷ ಐಡಲ್ ಓಡಿಸುತ್ತಾರೆ. ಒಂದರಲ್ಲಿ ಮಾತ್ರ ಉಳಿದವಕ್ಕಿಂತ ಎರಡರಷ್ಟು ತುಂಬಿದರೆ ಅದು ಒಳಗೆ ಸೋರುತ್ತಿದೆ. ಅದರಿಂದ ಸ್ಟಾರ್ಟಿಂಗ್ ಕಷ್ಟ, ರೇಲ್ ಒತ್ತಡ ಕಡಿಮೆ. ತುದಿಯಲ್ಲಿ ಸ್ಪ್ರೇ ಹೇಗಿದೆ, ಹನಿಯುತ್ತದೆಯೇ ಅನ್ನುವುದನ್ನು ಬಾಟಲಿ ಹೇಳುವುದಿಲ್ಲ, ಕಪ್ಪು ಹೊಗೆಗೆ ಮುಖ್ಯ ಅದೇ. ಅದಕ್ಕೆ ಬಿಚ್ಚಿ ಬೆಂಚಿಗೇ ಹಾಕಬೇಕು. ನಾಲ್ಕರ ವರದಿ ಕೈಗೆ ಬಂದ ಮೇಲೆ ಕೆಟ್ಟದ್ದನ್ನು ಮಾತ್ರ ಮಾಡಿಸಿ. ಬದಲಿಸಿದ ಇಂಜೆಕ್ಟರಿನ ಮೇಲೆ ಕೋಡ್ ಕೆತ್ತಿದ್ದರೆ ಅದನ್ನು ಸ್ಕ್ಯಾನರಿನಿಂದ ಇಸಿಯುಗೆ ಬರೆಸಬೇಕು, ಇಲ್ಲವೆಂದರೆ ಹೊಸ ಇಂಜೆಕ್ಟರೂ ಹೊಗೆ ಬಿಡುತ್ತದೆ.

ಇಷ್ಟೆಲ್ಲ ಮಾಡಿಯೂ ಇಳಿಯದಿದ್ದರೆ ಕಂಪ್ರೆಶನ್ ನೋಡಿಸಿ. ಒಂದು ಸಿಲಿಂಡರು ಉಳಿದವಕ್ಕಿಂತ 4 ಬಾರ್ ಮೇಲ್ಪಟ್ಟು ಕಡಿಮೆ ಇದ್ದರೆ ಆ ಗಾಡಿಗೆ ಇನ್ನು ದುಡ್ಡು ಸುರಿಯುವ ಮೊದಲು ಯೋಚಿಸಿ. ಇಂಜಿನ್ ಬಿಚ್ಚುವ ಖರ್ಚು ಗಾಡಿಯ ಬೆಲೆಯನ್ನೇ ಮುಟ್ಟುತ್ತದೆ.

ಅರ್ಜಿ ನಮೂನೆ:
ಹೊಗೆಯಲ್ಲೇ ಮುಳುಗಿ ಉಳಿದದ್ದು ಮರೀಬೇಡಿ. ಇನ್‌ಸ್ಪೆಕ್ಟರ್ ಕಣ್ಣು ಮೊದಲು ಹೋಗೋದು ದೀಪಕ್ಕೆ. ಹೈ, ಡಿಪ್ಪು, ನಾಲ್ಕೂ ಇಂಡಿಕೇಟರ್, ಬ್ರೇಕ್ ಲೈಟ್ ಎರಡೂ, ರಿವರ್ಸ್, ನಂಬರ್ ಪ್ಲೇಟ್ ಮೇಲಿನ ಪುಟ್ಟ ಬಲ್ಬು. ಆ ಪುಟ್ಟ ಬಲ್ಬೇ ಹೆಚ್ಚು ಜನರನ್ನು ವಾಪಸ್ ಕಳಿಸೋದು. ಹೆಡ್‌ಲೈಟಿಗೆ 60/55 ವ್ಯಾಟಿನ ಕಂಪನಿ ಬಲ್ಬೇ ಇರಲಿ, ಹೊರಗಿನ ಎಲ್‌ಇಡಿ ಬೇಡ. ಬೆಳಕು ಸರಿ ಬೀಳುತ್ತಾ ನೋಡೋಕೆ ಸಮ ನೆಲದಲ್ಲಿ ಗೋಡೆಯಿಂದ 5 ಮೀಟರ್ ದೂರ ನಿಲ್ಲಿಸಿ, ಟೈರಿಗೆ ಸರಿಯಾಗಿ ಗಾಳಿ ತುಂಬಿಸಿ, ಸೀಟಿನಲ್ಲಿ ಒಬ್ಬರನ್ನು ಕೂರಿಸಿ. ಡಿಪ್ಪಿನ ಬೆಳಕಿನ ಅಂಚು ದೀಪದ ನಡುಮಟ್ಟಕ್ಕಿಂತ ಸುಮಾರು 5 ಸೆಂ.ಮೀ. ಕೆಳಗೆ ಬೀಳಬೇಕು. ಗಾಜು ಹಳದಿ ಆಗಿದ್ದರೆ 1,000, ಆಮೇಲೆ 2,000 ನಂಬರಿನ ನೀರು ಕಾಗದದಲ್ಲಿ (ನೀರು ಹಾಕಿ ಉಜ್ಜೋ ಸ್ಯಾಂಡ್‌ಪೇಪರ್) ಉಜ್ಜಿ ಪಾಲಿಶ್ ಹಾಕಿ.

ಟೈರಿನ ಗೀರು 1.6 ಮಿ.ಮೀ. ಇರಲೇಬೇಕು. ಗೀರಿನ ತಳದಲ್ಲಿ ಅಡ್ಡಡ್ಡ ಚಿಕ್ಕ ದಿಬ್ಬಗಳಿವೆ, ಟೈರು ಸವೆದು ಅವಕ್ಕೆ ಸಮ ಆಗಿದ್ದರೆ ಮುಗೀತು. ಸ್ಟೀರಿಂಗಿನ ಆಟ 30 ಡಿಗ್ರಿ ಮೀರಬಾರದು. ಕಪ್ಪು ಫಿಲ್ಮ್ ಕಿತ್ತು ಹೋಗಿ: ಮುಂದೆ ಹಿಂದೆ ಶೇ. 70, ಪಕ್ಕದಲ್ಲಿ ಶೇ. 50 ಬೆಳಕು ದಾಟಬೇಕು. ಮುಂದಿನ ಕಬ್ಬಿಣದ ಗಾರ್ಡು, ಲಾರಿ ಹಾರನ್ನು ಇವೂ ಮನೆಯಲ್ಲೇ ಇರಲಿ. ಆರ್‌ಸಿಯಲ್ಲಿ ಬಿಳಿ, ಗಾಡಿ ಈಗ ಕೆಂಪು ಅಂದರೆ ಅದಕ್ಕೆ ಬೇರೆ ಅರ್ಜಿ.

ನಾಝಲ್ ಮೇಸ್ತ್ರಿ:
ಬ್ರೇಕಿನ ಬಗ್ಗೆ ಒಂದು ಮಾತು, ಡೀಸೆಲ್ ಗಾಡಿಗೇ ವಿಶೇಷವಾದದ್ದು. ಪೆಟ್ರೋಲ್ ಇಂಜಿನ್ನಿನಲ್ಲಿ ಬ್ರೇಕ್ ಬೂಸ್ಟರಿಗೆ ಬೇಕಾದ ವ್ಯಾಕ್ಯೂಮ್ ಇಂಟೇಕಿನಲ್ಲೇ ಸಿಗುತ್ತದೆ. ಡೀಸೆಲಿಗೆ ಅದಕ್ಕಾಗಿಯೇ ಬೇರೆ ವ್ಯಾಕ್ಯೂಮ್ ಪಂಪ್ ಇದೆ. ಇಂಜಿನ್ ಆಫ್ ಮಾಡಿ ಪೆಡಲ್ ಐದಾರು ಸಲ ತುಳಿಯಿರಿ, ಗಟ್ಟಿಯಾಗುತ್ತದೆ. ಕಾಲು ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿ. ಪೆಡಲ್ ಕಾಲಿನ ಕೆಳಗೆ ಮೆತ್ತಗೆ ಇಳಿಯಬೇಕು. ಇಳಿಯದಿದ್ದರೆ ಪಂಪು ಅಥವಾ ಪೈಪು. ಪೇಠೆಯ ಸಂದಿಗಳಲ್ಲಿ ನಿಲ್ಲುವ ಗಾಡಿಯಾದರೆ ಮೊದಲು ಪೈಪು ನೋಡಿ, ಪುಣೆಯ ಇಲಿಗಳಿಗೆ ಆ ರಬ್ಬರು ತುಂಬ ಇಷ್ಟ. ಕೆಲವು ಹಳೆ ಗಾಡಿಗಳಲ್ಲಿ ಇಜಿಆರ್ ವಾಲ್ವಿಗೂ ಇದೇ ವ್ಯಾಕ್ಯೂಮ್ ಹೋಗುತ್ತದೆ. ಅಂಥದ್ದರಲ್ಲಿ ಒಂದೇ ತೂತಿನಿಂದ ಬ್ರೇಕೂ ಗಟ್ಟಿ, ಇಜಿಆರ್ ಕೆಲಸವೂ ಅಡ್ಡಾದಿಡ್ಡಿ.

ಹಿಂದಿನ ಡ್ರಮ್ ಬಿಚ್ಚಿಸಿ ವೀಲ್ ಸಿಲಿಂಡರಿನ ರಬ್ಬರ್ ಟೋಪಿ ಎತ್ತಿ ನೋಡಿ. ಒಳಗೆ ಒದ್ದೆ ಇದ್ದರೆ ಎರಡೂ ಕಡೆಯದ್ದು ಬದಲಿಸಿ, ಲೈನರಿಗೆ ಎಣ್ಣೆ ತಾಗಿದ್ದರೆ ಅದೂ ಹೊಸದು. ಒಂದೇ ಕಡೆ ಬದಲಿಸಿದರೆ ಬ್ರೇಕ್ ಹಾಕಿದಾಗ ಗಾಡಿ ಪಕ್ಕಕ್ಕೆ ಎಳೆಯುತ್ತದೆ, ಟ್ರ್ಯಾಕಿನಲ್ಲಿ ಅದೇ ಕಣ್ಣಿಗೆ ಬೀಳುವುದು. ಹ್ಯಾಂಡ್‌ಬ್ರೇಕ್ ಐದಾರು ಕಟಕಟಕ್ಕೆ ಹಿಡಿಯಲಿ.

ಸ್ಲಾಟ್ ಚೀಟಿಯಲ್ಲಿ ಜಾಗ ದಿವೆ (ಸಾಸವಡ ಕಡೆಯ ಟೆಸ್ಟ್ ಟ್ರ್ಯಾಕ್) ಅಂತ ಬಂದರೆ ಒಂದು ಅನುಕೂಲ ಇದೆ. ವಡಕಿ ದಾಟಿ ದಿವೆ ಘಾಟ್ ಹತ್ತುವಷ್ಟರಲ್ಲಿ ಇಂಜಿನ್ ತಾನಾಗಿ ಬಿಸಿಯಾಗಿ ಮಸಿ ಉದುರಿರುತ್ತದೆ. ಏರಿನಲ್ಲಿ ಬ್ರೇಕಿಗೆ ಕೆಲಸ ಇಲ್ಲದ್ದರಿಂದ ಟ್ರ್ಯಾಕಿಗೆ ಹೋದಾಗ ಬ್ರೇಕು ತಣ್ಣಗಿರುತ್ತದೆ. ಅದೇ ಘಾಟಿನಲ್ಲಿ ನಿಮ್ಮ ರೇಡಿಯೇಟರಿನ ಬಂಡವಾಳವೂ ಬಯಲಾಗುತ್ತದೆ, ಹಾಗಾಗಿ ಹಿಂದಿನ ದಿನವೇ ಕೂಲಂಟ್ ನೋಡಿಕೊಳ್ಳಿ. ಪಂಢರಪುರಕ್ಕೆ ಹೋಗುವ ವಾರಿಯ ಪಾಲಖಿ ಘಾಟ್ ಹತ್ತುವ ದಿನ ಆ ರಸ್ತೆ ಬಂದ್, ಅಂದು ಸ್ಲಾಟ್ ತಗೊಳ್ಳಬೇಡಿ.

ಕೋಥ್ರೂಡ್ ಕಡೆಯವ:
ಏರ್ ಫಿಲ್ಟರ್, ಟರ್ಬೊ ಪೈಪು, ಎಂಎಎಫ್ ಸ್ಪ್ರೇ ಆಯ್ತು. ಪೈಪಿನ ಅಡಿಯಲ್ಲಿ ಎರಡು ಇಂಚು ಸೀಳಿತ್ತು. 18 ಕಿ.ಮೀ. ಓಡಿಸಿ ಬಿಸಿ ಮಾಡಿ ಅಳೆಸಿದಾಗ ಓದುಗಳು 1.9, 1.5, 1.4, 1.4, 1.3. ಇಜಿಆರ್, ಇಂಜೆಕ್ಟರ್ ಮುಟ್ಟಿಲ್ಲ. ಇನ್ನೊಂದೇ ಪ್ರಶ್ನೆ: ಚಾಸಿ ನಂಬರ್ ಮೇಲೆ ತುಕ್ಕು ಹತ್ತಿ ಎರಡು ಅಂಕಿ ಸರಿ ಕಾಣ್ತಿಲ್ಲ. ಸ್ಯಾಂಡ್‌ಪೇಪರ್ ಹಾಕ್ಲಾ?

ಅರ್ಜಿ ನಮೂನೆ:
ಬೇಡವೇ ಬೇಡ. ಸ್ಯಾಂಡ್‌ಪೇಪರ್, ತಂತಿ ಬ್ರಷ್ ಹಾಕಿದರೆ ಅಂಕಿಯ ಅಂಚು ಸವೆದು, ನಂಬರ್ ತಿದ್ದಿದ ಗಾಡಿ ಅನ್ನೋ ಅನುಮಾನ ಬರುತ್ತೆ. ಹಳೆ ಬನಿಯನ್ ಬಟ್ಟೆಗೆ ಸೀಮೆಎಣ್ಣೆ ಅಥವಾ ತುಕ್ಕು ಬಿಡಿಸೋ ಸ್ಪ್ರೇ ಹಾಕಿ ರಾತ್ರಿ ಅದರ ಮೇಲೆ ಒತ್ತಿ ಬಿಡಿ, ಬೆಳಿಗ್ಗೆ ಪ್ಲಾಸ್ಟಿಕ್ ಬ್ರಷ್ಷಿನಲ್ಲಿ ಮೆಲ್ಲಗೆ ಉಜ್ಜಿ ಒರೆಸಿ. ಒಣಗಿದ ಮೇಲೆ ಅಗಲದ ಬಿಳಿ ಕಾಗದದ ಟೇಪು ಅಂಟಿಸಿ, ಸೀಸದ ಕಡ್ಡಿಯನ್ನು ಮಲಗಿಸಿ ಹಿಡಿದು ಹಗುರಾಗಿ ತೀಡಿ. ಕಣ್ಣಿಗೆ ಕಾಣದ ಅಂಕಿ ಕೂಡ ಕೆಲವು ಸಲ ಟೇಪಿನ ಮೇಲೆ ಮೂಡುತ್ತೆ. ಮೂರು ಪ್ರಿಂಟ್ ತೆಗೆದಿಟ್ಟುಕೊಳ್ಳಿ. ಮೂಡಲೇ ಇಲ್ಲ ಅಂದರೆ ನೀವಾಗಿ ಗುದ್ದಿಸಬೇಡಿ. ಮತ್ತೆ ನಂಬರ್ ಒತ್ತಿಸೋಕೆ ಆರ್‌ಟಿಒಗೆ ಬರಹದಲ್ಲಿ ಅರ್ಜಿ ಕೊಟ್ಟು, ಅವರ ಅನುಮತಿ ಬಂದ ಮೇಲಷ್ಟೇ ಮಾಡಿಸಬೇಕು. ಅದಕ್ಕೆ ದಿನ ಹಿಡಿಯುತ್ತೆ, ಹಾಗಾಗಿ ಪ್ರಿಂಟ್ ಇವತ್ತೇ ತೆಗೆದು ನೋಡಿ, ಸ್ಲಾಟ್ ಆಮೇಲೆ.

ಕುಂದಾನಗರಿ:
ಇಂಡಿಕಾದ್ದೂ ಈಗ ಹೋಗಿ ನೋಡ್ತೀನ್ರಿ. ಹೀಟರ್ ಪ್ಲಗ್ಗಿನ ಪಟ್ಟಿ ಬಿಚ್ಚಿದೆ, ಎರಡನೇದಕ್ಕ ಬಲ್ಬ ಹತ್ತವಲ್ದು.